ತಗಡಿನ ನೀರು

"ಏಯ್ ಮುಂಡೇದೇ, ಕೈ ತೆಗಿ. ಅದು ತಗಡಿನ ನೀರು. ನಿಮ್ಮಪ್ಪನ ಮನೆ ಬಚ್ಚಲು ಅಂದ್ಕೊಂಡ್ಯಾ?"

ನೀರಕ್ಕ ಕೈ ತೆಗೆಯಲಿಲ್ಲ. ಮೊಣಕೈವರೆಗೂ ಮುಳುಗಿಸಿದ್ದ ಕೈಗಳನ್ನು ನೀರಿನಲ್ಲೇ ಅತ್ತಿತ್ತ ತಿರುಗಿಸಿ, ಬೆರಳ ಸಂದಿಗಳನ್ನು ಉಜ್ಜಿ, ಆಮೇಲೆ ನಿಧಾನವಾಗಿ ಎತ್ತಿ ಕೊಡವಿದಳು. ಹನಿಗಳಲ್ಲಿ ಒಂದೆರಡು ಮೇಸ್ತ್ರಿಯ ಇಸ್ತ್ರಿ ಅಂಗಿಗೆ ಹಾರಿದವು. ಬೇಕೆಂದೇ ಹಾರಿಸಿದ್ದೋ ತಾನಾಗಿ ಹಾರಿದ್ದೋ ಎಂದು ಕೇಳಿದರೆ ಅವಳು ಬಾಯಿ ಬಿಡುವವಳಲ್ಲ.

"ನಮ್ಮಪ್ಪನ ಮನೇಲಿ ಬಚ್ಚಲೇ ಇರಲಿಲ್ಲ ಮೇಸ್ತ್ರಿ. ಇದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?"

ತೊಟ್ಟಿಯ ಆಚೆ ಬದಿಯಲ್ಲಿ ನೀರು ಒರೆಸುವ ರಬ್ಬರ್ ಪಟ್ಟಿ ಹಿಡಿದು ನಿಂತಿದ್ದ ಅವಳ ನಾದಿನಿ ಕಿಸಕ್ಕೆಂದಳು. ಮೇಸ್ತ್ರಿ ಅವಳತ್ತ ಕಣ್ಣು ಬಿಟ್ಟ. ಅವಳು ತಕ್ಷಣ ಯಾರೋ ಸತ್ತ ಮನೆಯಲ್ಲಿ ಕೂತವಳ ಮುಖ ಮಾಡಿಕೊಂಡಳು. ಆ ಮುಖ ಮಾಡುವುದರಲ್ಲಿ ನಾದಿನಿಯನ್ನು ಮೀರಿಸಿದವರಿಲ್ಲ.

ಮೇಸ್ತ್ರಿಗೆ ಹಿಂದಿನಿಂದ ಎಲ್ಲರೂ ಕನ್ನಡಿ ಎನ್ನುತ್ತಿದ್ದರು. ತೊಳೆದು ಬರುವ ತಗಡಿನ ಒದ್ದೆ ಮೈಯಲ್ಲಿ ಮಸುಕಾಗಿ ಮುಖ ಕಾಣುತ್ತದೆ. ಅವನು ದಿನಕ್ಕೆ ಹತ್ತಾರು ಸಲ ಬಗ್ಗಿ ಅದರಲ್ಲಿ ಮೀಸೆ ತೀಡಿಕೊಳ್ಳುತ್ತಿದ್ದ. ತಗಡಿಗೆ ಕಲೆ ಬಿದ್ದರೆ ಅವನಿಗೆ ತನ್ನ ಮುಖಕ್ಕೇ ಮಸಿ ಬಳಿದಷ್ಟು ಸಿಟ್ಟು. ಬಾಯಿಗೆ ಬಂದಂತೆ ಬೈದು, ಇನ್ನೊಂದು ಸಲ ಆ ನೀರು ಮುಟ್ಟಿದರೆ ಗೇಟಿನಾಚೆ ಎಸೆಯುವುದಾಗಿ ಹೇಳಿ, ಅಂಗಿಯ ಮೇಲಿನ ಹನಿ ಒರೆಸಿಕೊಳ್ಳುತ್ತ ಹೋದ.

ಆ ಷೆಡ್ಡಿನ ಕೆಲಸ ಹೇಳುವುದಕ್ಕೆ ಸುಲಭ. ಕುಲುಮೆಯಿಂದ ಬಂದ ಉಕ್ಕಿನ ತಗಡು ದೊಡ್ಡ ಸುರುಳಿಯಾಗಿ ಒಂದು ತುದಿಯಲ್ಲಿ ಇಳಿಯುತ್ತದೆ. ಮೈತುಂಬ ಸುಟ್ಟ ಕಬ್ಬಿಣದ ಕರಿ ಹೊಪ್ಪಳೆ. ಸುರುಳಿ ಬಿಚ್ಚಿ, ಹಿಂದಿನ ತಗಡಿನ ಬಾಲಕ್ಕೆ ಇದರ ತಲೆ ಬೆಸೆದು, ಬಿಸಿ ಆಸಿಡ್ಡಿನ ತೊಟ್ಟಿಗಳಲ್ಲಿ ಮುಳುಗಿಸಿ ಎಳೆಯುತ್ತಾರೆ. ಹೊಪ್ಪಳೆ ಕರಗಿ ತಗಡು ಬೂದು ಬಣ್ಣದ ಬರಿಮೈಯಲ್ಲಿ ಹೊರಗೆ ಬರುತ್ತದೆ. ಅಲ್ಲಿಂದ ನೀರಿನ ತೊಟ್ಟಿಗಳು, ಒಂದಾದ ಮೇಲೊಂದು. ಕೊನೆಯದರಲ್ಲಿ ಮೇಲಿನ ತೂತಿನ ಕೊಳವೆಗಳಿಂದ ಬೆಚ್ಚನೆಯ ನೀರು ಸುರಿಯುತ್ತಲೇ ಇರುತ್ತದೆ. ಆಮೇಲೆ ರಬ್ಬರ್ ರೋಲರುಗಳು ಹಿಂಡುತ್ತವೆ, ಬಿಸಿಗಾಳಿ ಒಣಗಿಸುತ್ತದೆ, ಇನ್ನೊಂದು ತುದಿಯಲ್ಲಿ ತಗಡು ಮತ್ತೆ ಸುರುಳಿಯಾಗುತ್ತದೆ.

ಇದೆಲ್ಲ ತಗಡು ಓಡುತ್ತಿರುವವರೆಗೆ. ಬೆಸುಗೆ ಬಿಟ್ಟಿತೋ, ಸುರುಳಿ ಸಿಕ್ಕಿಹಾಕಿಕೊಂಡಿತೋ, ಕರೆಂಟು ಕಣ್ಣು ಮಿಟುಕಿಸಿತೋ, ತಗಡು ನಿಂತುಬಿಡುತ್ತದೆ. ಆಸಿಡ್ಡಿನಿಂದ ಎದ್ದು ಇನ್ನೂ ನೀರು ಮುಟ್ಟದ ಒಂದಷ್ಟು ತಗಡು ಗಾಳಿಯಲ್ಲಿ ನೇತಾಡುತ್ತದೆ. ಅದು ಒಣಗಿದರೆ ಮುಗಿಯಿತು. ಮೊದಲು ಹಳದಿ, ಆಮೇಲೆ ಚಹಾ ಚೆಲ್ಲಿದ ಕಂದು. ಎಷ್ಟು ಉಜ್ಜಿದರೂ ಹೋಗದ ಕಲೆ. ಅದಕ್ಕೇ ಅಲ್ಲಿ ಪೈಪು ಹಿಡಿದು ಒಬ್ಬರು ನಿಂತಿರಬೇಕು. ತಗಡು ನಿಂತ ಕೂಡಲೇ ಪೈಪು ಬಿಟ್ಟು ಅದರ ಮೈ ಆರದಂತೆ ನೋಡಿಕೊಳ್ಳಬೇಕು. ಆ ಕೆಲಸ ನೀರಕ್ಕನದು. ಅವಳ ನಿಜವಾದ ಹೆಸರು ಅತ್ತೆಗೆ ನೆನಪಿತ್ತು, ಗಂಡನಿಗೆ ಅಷ್ಟಕ್ಕಷ್ಟೆ.

ಅವಳ ಪೈಪಿನಲ್ಲಿ ಬರುವುದು ಎಂಥೆಂಥದೋ ನೀರಲ್ಲ. ಷೆಡ್ಡಿನ ಮೂಲೆಯಲ್ಲಿ ಗಾಜಿನ ಕೋಣೆಯಿದೆ, ಅದರೊಳಗೆ ಒಂದು ಯಂತ್ರ ಹಗಲೂ ರಾತ್ರಿ ಗುಂಯ್‌ಗುಡುತ್ತ ನೀರಿನಲ್ಲಿರುವ ಉಪ್ಪನ್ನೆಲ್ಲ ತೆಗೆಯುತ್ತದೆ. ತಗಡಿಗೆ ಉಪ್ಪು ಆಗಿಬರಲ್ಲ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ, ಮನೆ ಅಳಿಯನ ನಾಜೂಕು ಹೇಳುವ ದನಿಯಲ್ಲಿ. ಕೆಲಸದವರಿಗೆ ಹಿತ್ತಿಲ ಗೋಡೆಗೆ ಒಂದು ನಲ್ಲಿ. ಅದರಲ್ಲಿ ಬರುವುದು ಕೊಳವೆಬಾವಿಯ ಚೌಳು ನೀರು, ಅದೂ ಮನಸ್ಸಾದಾಗ. ಸೋಪು ಹಚ್ಚಿದರೆ ನೊರೆ ಬರದು, ಮೊಸರು ಒಡೆದಂತೆ ಕೈಗೆ ಅಂಟಿಕೊಳ್ಳುತ್ತದೆ. ಆಸಿಡ್ ತಾಗಿದ ಕಡೆ ಅದನ್ನು ಹಾಕಿದರೆ ಆಸಿಡ್ಡೇ ವಾಸಿ ಅನ್ನಿಸುತ್ತದೆ.

"ನಾನು ಎರಡು ಹೆತ್ತೆ," ಎಂದು ನೀರಕ್ಕ ಪೈಪು ಹಿಡಿದು ಹೇಳುತ್ತಿದ್ದಳು. "ಎರಡಕ್ಕೂ ಇಷ್ಟು ಬಿಸಿನೀರು ಕಾಣಲಿಲ್ಲ. ಈ ಬೇವರ್ಸಿ ತಗಡಿಗೆ ದಿನಾ ಬಾಣಂತನ."

ಆಗ ನಗುವವರಲ್ಲಿ ಮೊದಲಿಗ ಕೊಕ್ಕೆ ಮಾವ. ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು ಆಸಿಡ್ ತೊಟ್ಟಿಯ ಪಕ್ಕ ನಿಂತು ತಗಡಿನ ತುದಿಯನ್ನು ದಾರಿಗೆ ತರುವವನು. ಅವನು ಯಾರಿಗೂ ನಿಜವಾದ ಮಾವನಲ್ಲ, ಹಾಗಾಗಿ ಎಲ್ಲರಿಗೂ ಮಾವ. ಆಸಿಡ್ಡಿನ ಹೊಗೆ ಮೊದಲು ತಿನ್ನುವುದು ಮುಂದಿನ ಹಲ್ಲನ್ನು. ಮಾವನ ಮುಂದಿನ ಹಲ್ಲುಗಳು ಸವೆದು ಸವೆದು ಅಕ್ಕಿಕಾಳಿನಷ್ಟಾಗಿದ್ದವು. ಅದಕ್ಕೇ ಅವನು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದ. ಧಣಿ ಎಲ್ಲರ ಕೂಲಿ ತಿಂದರೆ ನನ್ನ ಹಲ್ಲು ತಿಂದ, ಅವನ ಬಾಯಿಗೆ ರುಚಿ ಗೊತ್ತು ಎಂದು ತಾನೇ ಹೇಳಿಕೊಂಡು, ತಾನೇ ಮೊದಲು ನಗುತ್ತಿದ್ದ.

ಮನೆ ಎಂದರೆ ಒಂದೇ ಕೋಣೆ. ಅತ್ತೆ, ಗಂಡ, ನಾದಿನಿ, ನೀರಕ್ಕ, ಎರಡು ಮಕ್ಕಳು. ಗಂಡನಿಗೆ ಮೂಟೆ ಹೊತ್ತು ಸೊಂಟ ಹಿಡಿದ ಮೇಲೆ ಒಲೆ ಅವನದಾಗಿತ್ತು. ಅವನ ಅಡುಗೆಯನ್ನು ಅತ್ತೆ ಎದುರಿಗೆ ಹೊಗಳಿ ಹಿಂದೆ ನಾಯಿಗೆ ಹಾಕುತ್ತಿದ್ದಳು. ಕೂಲಿ ತರುವವರು ಅತ್ತಿಗೆ ನಾದಿನಿ ಇಬ್ಬರೇ. ಅವರು ಒಗೆದು ಹಾಕಿದ ಸೀರೆಗಳ ಮೇಲೆ ಬಿಸಿಲು ಬಿದ್ದರೆ ಗೋಡೆಯ ಮೇಲೆಲ್ಲ ಬೆಳಕಿನ ಚುಕ್ಕಿಗಳು. ಆಸಿಡ್ ಹನಿ ಹಾರಿದ ಕಡೆಯೆಲ್ಲ ತೂತು. ಅತ್ತೆಗೆ ಕಣ್ಣು ಮಂಜು, ಆದರೂ ಸೀರೆ ಸವರಿ, ಇದು ಉಡೋದಕ್ಕೋ ಹಿಟ್ಟು ಜರಡಿ ಹಿಡಿಯೋದಕ್ಕೋ ಎಂದು ಕೇಳುತ್ತಿದ್ದಳು.

ಸಂಜೆ ಅತ್ತೆಯ ಬೆನ್ನು ತಿಕ್ಕುವುದು ನೀರಕ್ಕನ ಪಾಲಿನ ಕೆಲಸ. "ನಿನ್ನ ಕೈ ಬಂಗಾರ ಕಣೇ ಸೊಸೆ," ಎಂದು ಅತ್ತೆ ಕಣ್ಣು ಮುಚ್ಚಿ ಹೇಳುವಳು. "ಬರೀ ಹೀಗೆ ಆಡಿಸಿದ್ರೆ ಸಾಕು, ತುರಿಕೆ ಎಲ್ಲಾ ಹೋಗುತ್ತೆ. ಉಗುರೇ ಬೇಡ." ನೀರಕ್ಕನೂ ನಗುತ್ತಿದ್ದಳು. ಆಮೇಲೆ ಮಲಗಿದ ಮಗಳ ಕೆನ್ನೆ ಸವರಲು ಕೈ ಚಾಚಿ, ಮಗು ನಿದ್ದೆಯಲ್ಲೇ ಮುಖ ಹಿಂಡಿ ಆಚೆ ಹೊರಳಿದಾಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಆಗ ಮಾತ್ರ ಅವಳಿಗೆ ಅಳು ಬರುತ್ತಿತ್ತು. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಆಸಿಡ್ ತೊಟ್ಟಿಯ ಪಕ್ಕ ಒಂದು ಸಿಹಿನೀರಿನ ನಲ್ಲಿ. ತಾಗಿದ ತಕ್ಷಣ ತೊಳೆದುಕೊಂಡರೆ ಚರ್ಮ ಉಳಿಯುತ್ತದೆ, ತಗಡಿನದು ಹೇಗೋ ಇದೂ ಹಾಗೇ. ಅಷ್ಟು ವರ್ಷ ತಗಡು ತೊಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಸುಗೆ ಬಿಟ್ಟಿದ್ದು ಒಂದು ಮಧ್ಯಾಹ್ನ, ಊಟ ಮುಗಿಸಿ ಎಲ್ಲರೂ ಆಕಳಿಸುತ್ತಿದ್ದ ಹೊತ್ತಿನಲ್ಲಿ. ಢಣ್ಣೆಂದಿತು, ತಗಡು ನಿಂತಿತು. ನೀರಕ್ಕ ಅಭ್ಯಾಸದಂತೆ ಪೈಪು ಬಿಟ್ಟಳು. ಕಳಚಿಕೊಂಡ ತುದಿ ಆಸಿಡ್ ತೊಟ್ಟಿಯ ಬಾಯಲ್ಲಿ ರೋಲರಿಗೆ ಸಿಕ್ಕಿಕೊಂಡಿತ್ತು. ಮಾವ ಕೊಕ್ಕೆ ಹಾಕಿ ಎಳೆದ, ಬರಲಿಲ್ಲ. ನಿಂತು ನೋಡ್ತೀಯಲ್ಲೇ ದರಿದ್ರದವಳೇ, ಹೋಗಿ ಹಿಡಿ ಎಂದು ಮೇಸ್ತ್ರಿ ನಾದಿನಿಯನ್ನು ಅಟ್ಟಿದ. ಅವಳು ಹೋಗಿ ಹಿಡಿದಳು. ರೋಲರಿನಿಂದ ಬಿಡಿಸಿಕೊಂಡ ತಗಡು ಬಿಲ್ಲಿನಂತೆ ಮೇಲೆದ್ದು, ಮೈಮೇಲಿದ್ದ ಬಿಸಿ ಆಸಿಡ್ಡನ್ನೆಲ್ಲ ಅವಳ ಕತ್ತು ಕೆನ್ನೆಗೆ ರಾಚಿತು.

ನಾದಿನಿ ಕೂಗಲಿಲ್ಲ. ಎರಡೂ ಕೈ ಮುಖದ ಹತ್ತಿರ ಹಿಡಿದು, ಮುಟ್ಟಿಕೊಳ್ಳಲೂ ಹೆದರಿ, ಹಾಗೇ ನಿಂತಳು. ನೀರಕ್ಕ ಪೈಪನ್ನು ತಗಡಿನಿಂದ ಅವಳ ಮೇಲೆ ತಿರುಗಿಸಿದಳು. ಜುಟ್ಟು ಹಿಡಿದು ತಲೆ ವಾಲಿಸಿ, ಕಣ್ಣುರೆಪ್ಪೆ ಬಲವಂತವಾಗಿ ಬಿಡಿಸಿ ನೀರು ಹಾಯಿಸಿದಳು. ಆಗ ನಾದಿನಿ ಕಿರುಚಿದಳು. ಕಿರುಚು ಕಿರುಚು ಎಂದು ನೀರಕ್ಕ ಹೇಳುತ್ತಲೇ ಇದ್ದಳು.

"ನೀರು ತಗಡಿಗೆ ಬಿಡೇ ಲೌಡಿ. ಒಣಗ್ತಾ ಇದೆ, ತಗಡು ಒಣಗ್ತಾ ಇದೆ." ಮೇಸ್ತ್ರಿ ಕುಣಿದಾಡಿದ. ಪೈಪಿಗೆ ಕೈ ಹಾಕಲು ಬಂದವನು ಅವಳ ಮುಖ ನೋಡಿ ಕೈ ಹಿಂತೆಗೆದ. ಅವಳಿಗೆ ಅವನ ಮಾತು ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಅವಳು ಯಾವತ್ತೂ ಸುಳ್ಳು ಹೇಳಲಿಲ್ಲ. ಕತ್ತಿನ ಮೇಲಿನ ಜಿಡ್ಡು ಹೋಗಿ ಚರ್ಮ ಕೈಗೆ ಸಿಗುವವರೆಗೂ ನೀರು ಬಿಟ್ಟಳು. ಅಷ್ಟರಲ್ಲಿ ತಗಡು ಹಳದಿಯಾಗಿ, ಕಂದಾಗಿ ಕೂತಿತ್ತು.

ಧಣಿ ಬಂದ. ಬೈಯುವ ಪೈಕಿಯಲ್ಲ. ಒಳ್ಳೆಯ ಅತ್ತರು, ಒಳ್ಳೆಯ ಬೂಟು, ಮೆತ್ತನೆಯ ಮಾತು. ಮೂಗಿಗೆ ಬಟ್ಟೆ ಹಿಡಿದು ನೇರವಾಗಿ ತಗಡಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ಬೆರಳಿನಿಂದ ಕಲೆ ಸವರಿದ. ಛೆ ಛೆ ಛೆ ಎಂದ. ಇನ್ನೊಮ್ಮೆ ಆಸಿಡ್ಡಿಗೆ ಹಾಕಿದರೆ ಹೋಗುತ್ತದೋ ಎಂದು ಮೇಸ್ತ್ರಿಯನ್ನು ವಿಚಾರಿಸಿದ. ಹೋಗಬಹುದು, ಆದರೆ ತಗಡು ತೆಳುವಾಗುತ್ತದೆ, ಕೊಳ್ಳುವವರು ಒಪ್ಪುವುದಿಲ್ಲ ಎಂದು ಮೇಸ್ತ್ರಿ ಕೈ ಹಿಸುಕಿಕೊಂಡ. ಬೋರಲು ಹಾಕಿದ ಬಕೆಟ್ಟಿನ ಮೇಲೆ ನಾದಿನಿ ತೊಯ್ದ ಕೂದಲಲ್ಲಿ ನಡುಗುತ್ತ ಕೂತಿದ್ದಳು. ಧಣಿ ಏಳುವಾಗ ಅವಳು ಕಣ್ಣಿಗೆ ಬಿದ್ದಳು. ಆರಾಮಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ನೀರಕ್ಕನ ಕಡೆ ತಿರುಗಿದ.

"ಚರ್ಮ ತಾನಾಗೇ ಬೆಳೆಯುತ್ತೆ ಕಣಮ್ಮ," ಎಂದ, ಮಗುವಿಗೆ ಲೆಕ್ಕ ಹೇಳಿಕೊಡುವ ತಾಳ್ಮೆಯಿಂದ. "ತಗಡು ಬೆಳೆಯುತ್ತಾ? ಸ್ವಲ್ಪ ಯೋಚನೆ ಮಾಡಬೇಕು ಅಲ್ವಾ?"

ಬೈದಿದ್ದರೆ ನೀರಕ್ಕನಿಗೆ ಉತ್ತರ ಸಿಗುತ್ತಿತ್ತು. ಇಷ್ಟು ಮೆತ್ತಗಿನ ಮಾತಿಗೆ ಎಲ್ಲಿ ಹಿಡಿದು ಉತ್ತರ ಕೊಡುವುದು? ಆದರೂ ಬಿಡಲಿಲ್ಲ. ತೊಟ್ಟಿಯ ಪಕ್ಕ ನಮಗೊಂದು ಸಿಹಿನೀರಿನ ನಲ್ಲಿ ಹಾಕಿಸಿಕೊಡಿ, ಆಮೇಲೆ ತಗಡಿನ ತಂಟೆಗೇ ಬರುವುದಿಲ್ಲ ಎಂದು ಕೈಮುಗಿದು ಕೇಳಿದಳು. ಧಣಿ ಗಾಜಿನ ಕೋಣೆಯನ್ನೂ ತೊಟ್ಟಿಯನ್ನೂ ಅವಳ ಪೈಪನ್ನೂ ಕಣ್ಣಲ್ಲೇ ಅಳೆದ. ನೋಡೋಣ, ಏನಾದರೂ ಮಾಡೋಣ ಎಂದು ತಲೆಯಾಡಿಸಿ ಹೋದ.

ಏನಾದರೂ ಮಾಡಿದ ಕೂಡ. ಮಾರನೇ ಬೆಳಿಗ್ಗೆಯೇ ಪೈಪಿನ ಕೆಲಸದವನು ಚೀಲ ಹೆಗಲಿಗೇರಿಸಿ ಬಂದ. ಇಡೀ ಷೆಡ್ಡಿಗೆ ಕಳೆ ಬಂತು. ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಬಂದಿದ್ದ ನಾದಿನಿ, ನನ್ನ ಮುಖ ಸುಟ್ಟಿದ್ದಕ್ಕೆ ಬಂದ ನಲ್ಲಿ, ಮೊದಲ ಕೊಡ ನಂದೇ ಎಂದಳು. ಮಾವ ನಲ್ಲಿ ಯಾವ ಗೋಡೆಗೆ ಚೆಂದ ಎಂದು ಜಾಗ ತೋರಿಸಿದ. ನೀರಕ್ಕ ಓಡಿಹೋಗಿ ಚಹಾ ತಂದುಕೊಟ್ಟಳು. ಅವನು ಚಹಾ ಕುಡಿದ, ಲೋಟ ಕೆಳಗಿಟ್ಟ, ಅವಳ ಕೈಯಿಂದ ಪೈಪು ತೆಗೆದುಕೊಂಡು ತಗಡಿನವರೆಗೆ ಎಳೆದು ಹಿಡಿದ. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಚೂರಿ ತೆಗೆದು ಪೈಪು ಕತ್ತರಿಸಿದ.

ಮಾವ ಗೋಡೆಯತ್ತ ಚಾಚಿದ್ದ ಬೆರಳು ಇಳಿಸಿದ.

"ನನ್ನ ಬೈಬೇಡ ಅಕ್ಕ," ಎಂದ ಅವನು, ಅವಳ ಮುಖ ನೋಡದೆ. "ಅಳತೆ ಅವರೇ ಕೊಟ್ಟಿದ್ದು. ತಗಡು ಮುಟ್ಟಬೇಕು, ಅಲ್ಲಿಂದಾಚೆ ಒಂದು ಗೇಣೂ ಹೋಗಬಾರದಂತೆ."

ಕತ್ತರಿಸಿದ ತುಂಡು ಹಾಳಾಗಲಿಲ್ಲ. ಗಾಜಿನ ಕೋಣೆಯಿಂದ ಅಂಗಳಕ್ಕೆ ಅದನ್ನೇ ಹಾಕಿ ಧಣಿಯ ಕಾರು ತೊಳೆಯತೊಡಗಿದರು. ಕಾರಿಗೂ ಉಪ್ಪು ಆಗಿಬರುವುದಿಲ್ಲವಂತೆ. ನೀರಕ್ಕನಿಗೆ ಅವತ್ತು ಬಂದ ಸಿಟ್ಟು ಗಂಡನ ಮೇಲೆ, ಅನ್ನದ ಮೇಲೆ, ಅತ್ತೆಯ ಬೆನ್ನಿನ ಮೇಲೆ ಎಲ್ಲ ಹರಿದರೂ ಮುಗಿಯಲಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆಯಾಗಿದ್ದು ಆ ಚಹಾದ ವಿಷಯಕ್ಕೆ. ಕೊರಳು ಕುಯ್ಯುವವನಿಗೆ ಚಹಾ ತಂದುಕೊಟ್ಟೆನಲ್ಲ ಎಂದು ಹೊರಳಾಡಿದಳು.

ನಾದಿನಿಯ ಕಣ್ಣು ಉಳಿಯಿತು. ಕತ್ತು ಮಾತ್ರ ಕಿವಿಯ ಕೆಳಗಿನಿಂದ ಭುಜದವರೆಗೆ ಮಾಗಿ ಕಂದಾಯಿತು. ಒಂದು ದಿನ ಒಡೆದ ಕನ್ನಡಿಯ ಚೂರಿನಲ್ಲಿ ಅದನ್ನು ನೋಡಿಕೊಳ್ಳುತ್ತ ಅವಳು ಕೇಳಿದಳು. "ಅತ್ತಿಗೆ, ನನ್ನನ್ನೂ ಇನ್ನೊಂದು ಸಲ ಆಸಿಡ್ಡಿಗೆ ಹಾಕಿದ್ರೆ ಕಲೆ ಹೋಗುತ್ತಾ?"

ತಮಾಷೆಗೇ ಕೇಳಿದ್ದು. ನೀರಕ್ಕ ನಗಲಿಲ್ಲ.

ಕೊಳ್ಳುವವರು ಬರುತ್ತಾರೆ ಎಂದು ಸುದ್ದಿಯಾಗಿದ್ದು ಅದಾದ ಮೇಲೆ. ದೊಡ್ಡ ಕಂಪನಿ, ತಂಗಳುಪೆಟ್ಟಿಗೆ, ಅದೇ ಫ್ರಿಜ್ಜು, ಮಾಡುವವರು, ಒಪ್ಪಿದರೆ ವರ್ಷವಿಡೀ ತಗಡು ಇಲ್ಲಿಂದಲೇ. ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ. ಬರುವ ಸಾಹೇಬ ಮಾತಾಡುವುದೇ ಇಲ್ಲವಂತೆ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ತಗಡು ಉಜ್ಜಿ ನೋಡುತ್ತಾನಂತೆ. ಕರವಸ್ತ್ರಕ್ಕೆ ಕೊಳೆ ಹತ್ತಿದರೆ ಚಿಂತೆಯಿಲ್ಲ, ಅದು ಧೂಳು, ಒರೆಸಿದರೆ ಹೋಗುತ್ತದೆ. ತಗಡಿನ ಮೇಲೆ ಗುರುತಿದ್ದು ಕರವಸ್ತ್ರ ಬೆಳ್ಳಗೇ ಉಳಿದರೆ ಕೆಟ್ಟಿತು. ಅದು ಮೈಯೊಳಗೆ ಇಳಿದ ಕಲೆ.

"ಅವತ್ತು ಒಂದು ಹನಿ ಕಲೆ ಕಂಡ್ರೂ ನಿಮ್ಮನ್ನ ಹುಗಿದುಬಿಡ್ತೀನಿ ಬೋಳಿಮಕ್ಕಳಾ," ಎಂದ.

ಆ ದಿನ ಬಂತು. ಎದುರಿಗೆ ಕಾಣುವವರಿಗೆಲ್ಲ ಹೊಸ ಕೈಗವಸು, ಹೊಸ ಬೂಟು. ನೀರಕ್ಕನಿಗೆ ಕೊಟ್ಟ ಕೈಗವಸು ಸಂಜೆ ವಾಪಸು ಕೊಡಬೇಕು ಎಂಬ ಮಾತಿನ ಮೇಲೆ. ನಾದಿನಿಗೆ ಕತ್ತು ಮುಚ್ಚಿಕೊಂಡು ಹಿಂದೆ ಸುರುಳಿಗಳ ಮರೆಯಲ್ಲಿ ನಿಲ್ಲಲು ಹೇಳಿದರು. ಮಾವನಿಗೆ ನಗಬಾರದು ಎಂದು ಕಟ್ಟಪ್ಪಣೆ. ಹೊಗೆಯಲ್ಲಿ ಅವನ ಕಾಲು ಯಾರಿಗೆ ಕಾಣುತ್ತದೆ ಎಂದು ಅವನಿಗೆ ಹೊಸ ಬೂಟು ಕೊಡಲಿಲ್ಲ. ಅವನ ಬಲಗಾಲಿನ ಬೂಟು ಪಕ್ಕದಲ್ಲಿ ಬಾಯಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಂಗಳವನ್ನೆಲ್ಲ ತೊಳೆದು ತೊಳೆದು ಹಿತ್ತಿಲ ಚೌಳು ನೀರಿನ ನಲ್ಲಿಯೂ ಅವತ್ತು ಬತ್ತಿತ್ತು.

ಸಾಹೇಬ ಬಂದ. ಸಣ್ಣಗಿನ ಮನುಷ್ಯ, ಕೆಟ್ಟವನ ಹಾಗೇನೂ ಕಾಣಲಿಲ್ಲ. ಧಣಿ ಅವನ ಭುಜಕ್ಕೆ ತಾಗಿದಂತೆಯೂ ತಾಗದಂತೆಯೂ ನಡೆಯುತ್ತಿದ್ದ. ತಗಡು ಓಡುತ್ತಿತ್ತು. ಬೂದು ಮೈ, ಬೆಚ್ಚನೆಯ ನೀರು, ಒಂದು ಚುಕ್ಕೆ ಇಲ್ಲ. ಸಾಹೇಬ ಒಣಗಿದ ತುದಿಯಲ್ಲಿ ನಿಂತು ಕರವಸ್ತ್ರ ತೆಗೆದು, ಹೋಗುವ ತಗಡಿನ ಮೇಲೆ ಹಿಡಿದು, ನೋಡಿ ತಲೆಯಾಡಿಸಿದ. ಮೇಸ್ತ್ರಿಯ ಎದೆ ಒಂದಿಂಚು ಉಬ್ಬಿತು.

ಆಗ ಆಸಿಡ್ ತೊಟ್ಟಿಯಲ್ಲಿ ತಗಡಿನ ಅಂಚು ಒಮ್ಮೆ ಬಡಿದುಕೊಂಡಿತು. ಮಾವ ಕೊಕ್ಕೆಯಿಂದ ಸರಿಮಾಡಿದ. ತುಳುಕಿದ ಆಸಿಡ್ಡು ಬಾಯಿ ಬಿಟ್ಟ ಬೂಟಿನೊಳಗೆ ಇಳಿಯಿತು. ಯಾರೂ ನೋಡಲಿಲ್ಲ. ನೀರಕ್ಕ ನೋಡಿದಳು. ಮಾವ ಬಾಯಿ ಬಿಗಿ ಹಿಡಿದು ಆ ಕಾಲು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೊಕ್ಕೆ ಬಿಡಲಿಲ್ಲ, ತಗಡು ಓಡುತ್ತಿರುವವರೆಗೆ ಬಿಡುವಂತೆಯೂ ಇರಲಿಲ್ಲ. ಸಾಹೇಬ ಅತ್ತ ನೋಡಿದರೆ ಮುದುಕ ಒಳ್ಳೆಯ ಹುರುಪಿನಲ್ಲಿದ್ದಾನೆ ಎಂದುಕೊಳ್ಳಬೇಕು, ಹಾಗೆ ಕುಣಿಯುತ್ತಿದ್ದ. ಮುಖ ಮಾತ್ರ ಬೆವರಿ ಬಿಳಚಿತ್ತು.

ನೀರಕ್ಕ ಪೈಪು ಎಳೆದಳು. ಗೊತ್ತಿದ್ದದ್ದೇ, ಬರಲಿಲ್ಲ. ತಗಡು ಮುಟ್ಟುತ್ತಿತ್ತು, ಮಾವನವರೆಗೆ ಮುಟ್ಟುತ್ತಿರಲಿಲ್ಲ. ಹಿತ್ತಿಲ ನಲ್ಲಿ ಬತ್ತಿದ್ದೂ ನೆನಪಾಯಿತು. ಮಾವ ಅವಳ ಕಡೆ ನೋಡಿದ. ಆ ನೋಟ ಅವಳಿಂದ ಏನನ್ನೂ ಕೇಳಲಿಲ್ಲ. ಅವಳು ಪೈಪು ಕೆಳಗೆ ಬಿಟ್ಟಳು.

ಕಂಬದ ಮೇಲೆ ತಗಡು ನಿಲ್ಲಿಸುವ ಕೆಂಪು ಗುಂಡಿಯಿದೆ. ಅದನ್ನು ಮೇಸ್ತ್ರಿಯ ಹೊರತು ಯಾರೂ ಮುಟ್ಟುವಂತಿಲ್ಲ. ನೀರಕ್ಕ ಹೋಗಿ, ಹೊಸ ಕೈಗವಸು ತೆಗೆದು ಕಂಬದ ಕೆಳಗಿಟ್ಟು, ಬರಿಗೈಯಲ್ಲಿ ಅದನ್ನು ಒತ್ತಿದಳು.

ಸದ್ದು ನಿಂತಿತು. ಕೊನೆಯ ತೊಟ್ಟಿಯ ಮೇಲಿನ ಕೊಳವೆಗಳಿಂದ ನೀರು ಬೀಳುವುದು ಮಾತ್ರ ಕೇಳಿಸುತ್ತಿತ್ತು. ಅಷ್ಟು ವರ್ಷ ಅಲ್ಲೇ ದುಡಿದವರಿಗೂ ಆ ಸದ್ದು ಹೊಸದು.

"ಬಾ ಮಾವ," ಎಂದಳು. "ಇಲ್ಲಿ ಬಾ."

ಮಾವ ಮೇಸ್ತ್ರಿಯ ಮುಖ ನೋಡಿದ. ಅವಳೇ ಹೋಗಿ ರಟ್ಟೆ ಹಿಡಿದು ಕರೆತಂದಳು. ಕೊನೆಯ ತೊಟ್ಟಿಯ ಮೇಲಿನ ಧಾರೆಗೆ ಹೋಗಲು ರೋಲರಿನ ಈಚೆಗೆ, ಒಣಗಿದ ತಗಡು ಇರುವ ಕಡೆ ಮಾತ್ರ ತಗ್ಗು. ಅವನನ್ನು ಅಲ್ಲಿಂದ ಹತ್ತಿಸಿ, ಕಲೆಯಿಲ್ಲದೆ ಒಣಗಿ ನಿಂತ ತಗಡಿನ ಮೇಲೇ ನಡೆಸಿದಳು. ಧಾರೆಯ ಕೆಳಗೆ ತಗಡಿನ ಮೇಲೆ ಕೂರಿಸಿ ಬೂಟು ಕಿತ್ತಳು. ಬೂಟಿನ ಜೊತೆ ಇನ್ನೇನೋ ಸ್ವಲ್ಪ ಬಂತು. ಬೆಚ್ಚನೆಯ ಸಿಹಿನೀರು ಮಾವನ ತಲೆ, ಹೆಗಲು, ಕಾಲಿನ ಮೇಲೆ ಸುರಿಯಿತು. ಮಾವ ಬಾಯಿ ತೆರೆದು, ಕೈ ಅಡ್ಡ ಇಡದೆ, ತನ್ನ ಅಕ್ಕಿಕಾಳು ಹಲ್ಲುಗಳನ್ನೆಲ್ಲ ತೋರಿಸಿ, ಅಯ್ಯೋ ನನ್ನವ್ವಾ ಎಂದ. ನೋವಿಗೋ ಸುಖಕ್ಕೋ ಅವನಿಗೇ ಗೊತ್ತಾಗಿರಲಿಕ್ಕಿಲ್ಲ.

ಸುರುಳಿಗಳ ಮರೆಯಿಂದ ನಾದಿನಿ ಬಂದಳು. ಕತ್ತಿನ ಬಟ್ಟೆ ಬಿಚ್ಚಿ ಸಾಹೇಬನ ಕಾಲ ಬಳಿಯೇ ಬಿಟ್ಟು, ಮಾವನ ಪಕ್ಕ ಹತ್ತಿ ಧಾರೆಗೆ ಕತ್ತು ಕೊಟ್ಟಳು. ಅವಳ ಹಿಂದೆ ಬೆಸುಗೆಯವನು, ತೋಳು ಮಡಚುತ್ತ. ಅವನ ಹಿಂದೆ ಸುರುಳಿ ಕಟ್ಟುವವರು. ಘೋಷಣೆಯಿಲ್ಲ, ಕೂಗಾಟವಿಲ್ಲ, ನೂಕುನುಗ್ಗಲೂ ಇಲ್ಲ. ಬಸ್ಸಿಗೆ ನಿಂತ ಹಾಗೆ ಸಾಲು ನಿಂತರು. ಒಬ್ಬ ಸೋಪು ಬೇರೆ ತಂದಿದ್ದ. ನೊರೆ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

ಆಸಿಡ್ಡಿಗೂ ನೀರಿಗೂ ನಡುವೆ ನೇತಾಡುತ್ತಿದ್ದ ತಗಡು ಆರತೊಡಗಿತ್ತು.

"ಪೈಪು, ಪೈಪು," ಎಂದು ಧಣಿ ಮೊದಲ ಸಲ ದನಿ ಏರಿಸಿದ. ಮೇಸ್ತ್ರಿ ಓಡಿಹೋಗಿ ನೀರಕ್ಕ ಬಿಟ್ಟ ಪೈಪು ಎತ್ತಿಕೊಂಡ. ನೀರಕ್ಕ ದಿನವೂ ಅದನ್ನು ಸೊಂಟ ತಿರುಗಿಸಿ, ತೋಳು ಚಾಚಿ, ಯಾವುದನ್ನೂ ಮುಟ್ಟದೆ ಹಾಯಿಸುತ್ತಿದ್ದಳು. ಮೇಸ್ತ್ರಿ ಜನ್ಮದಲ್ಲಿ ಪೈಪು ಹಿಡಿದವನಲ್ಲ. ಗಿಡ್ಡ ಪೈಪು ಅವನ ಕೈಗೆ ಇನ್ನೂ ಗಿಡ್ಡವಾಯಿತು. ಮುಂದಕ್ಕೆ ಬಾಗಿದ, ಆಯತಪ್ಪಿತು, ಬೀಳದಿರಲು ಎಡಗೈಯನ್ನು ತಗಡಿನ ಮೇಲೇ ಊರಿದ. ಅದೇ ತಗಡು, ಅವನು ದಿನಾ ಮುಖ ನೋಡಿ ಮೀಸೆ ತೀಡುತ್ತಿದ್ದುದು. ಈ ತುದಿಯಲ್ಲಿ ಅದರ ಮೇಲೆ ಇನ್ನೂ ಬಿಸಿ ಆಸಿಡ್ಡಿತ್ತು.

ಪೈಪು ಎಸೆದು, ಅಂಗೈ ಮೇಲಕ್ಕೆ ಹಿಡಿದು, ಮೇಸ್ತ್ರಿ ಓಡಿ ಬಂದ. ಸಾಲಿನವರು ದಾರಿ ಬಿಡಲಿಲ್ಲ. ನಾದಿನಿ ಧಾರೆಯ ಕೆಳಗಿನಿಂದಲೇ ತಲೆ ಹೊರಗೆ ಹಾಕಿದಳು. "ಏನ್ ಮೇಸ್ತ್ರಿ, ನಿಮ್ಮಪ್ಪನ ಮನೆ ಬಚ್ಚಲಾ?"

ಎಲ್ಲರೂ ನಕ್ಕರು. ನೀರಕ್ಕನಿಗೂ ನಗು ಬಂತು, ಸುಳ್ಳೇಕೆ ಹೇಳಬೇಕು. ಆದರೆ ಆ ಅಂಗೈ ನೋಡಿದಳು. ಅದು ಬೆಳ್ಳಗಾಗುತ್ತಿರುವುದು ಯಾವ ಬಿಳುಪು ಎಂದು ಅವಳಿಗೆ ಗೊತ್ತಿತ್ತು. "ಬಿಡ್ರೋ, ಬರಲಿ," ಎಂದು ಅವನ ಮಣಿಕಟ್ಟು ಹಿಡಿದು ಎಳೆದು ಧಾರೆಯ ಕೆಳಗೆ ಒಡ್ಡಿದಳು. ಮೇಸ್ತ್ರಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದ. ಮೀಸೆಯಿಂದ ನೀರು ಇಳಿಯಿತು.

ಧಣಿ ಹತ್ತಿರ ಬಂದ. ಬೂಟು ನೆನೆಯದಷ್ಟು ದೂರದಲ್ಲಿ ನಿಂತ. ಮೊದಲು ನೀರು ಬಂದ್ ಮಾಡು ಎಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಕಣ್ಣು ಬಿಡಲಿಲ್ಲ.

"ಒಂದು ನಿಮಿಷ ಧಣಿ," ಎಂದ. "ಉರೀತಾ ಇದೆ."

ಧಣಿಯ ಮುಖ ಇಂಗು ತಿಂದ ಮಂಗನದಾಯಿತು. ಮೆತ್ತನೆಯ ಮಾತಿನ ಅಡಿಯಲ್ಲಿ ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದನೋ, ಅವರಪ್ಪ ಅವರವ್ವ ಎಲ್ಲರನ್ನೂ ಬೈಗುಳದಲ್ಲಿ ಹೊರಗೆ ತಂದ. ಸೂಳೆಮಕ್ಕಳಾ, ಸಂಜೆಯೊಳಗೆ ಒಬ್ಬೊಬ್ಬರನ್ನೂ ಗೇಟಿನಾಚೆ ಎಸೆಯುತ್ತೇನೆ ಎಂದ. ಮನೆಯ ಒಂದೇ ಕೋಣೆ, ಸೊಂಟ ಹಿಡಿದ ಗಂಡ, ಎರಡು ಮಕ್ಕಳು, ಎಲ್ಲ ನೀರಕ್ಕನ ಕಣ್ಣ ಮುಂದೆ ಬಂದು ಹೋದವು. ಮಾವನ ಕಾಲ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಎಸೀರಿ ಧಣಿ, ಹೋಗ್ತೀವಿ," ಎಂದಳು. "ತೊಳ್ಕೊಂಡು ಹೋಗ್ತೀವಿ."

ಯಾರೂ ನೋಡದ ಹೊತ್ತಿನಲ್ಲಿ ಸಾಹೇಬ ರೋಲರಿನ ಈಚೆಗೆ, ಒಣಗಿದ ತಗಡಿನ ಬಳಿ ಹೋಗಿದ್ದ. ಅದರ ಮೇಲೆ ಮಾವ ನಡೆದ ಹೆಜ್ಜೆಗಳಿದ್ದವು. ಎಡಗಾಲಿನದು ಬರೀ ಧೂಳಿನ ಗುರುತು. ಬಲಗಾಲಿನದು, ಒಡೆದ ಬೂಟಿನಿಂದ ಸೋರಿ, ಹಿಮ್ಮಡಿಯಿಂದ ತುದಿಯವರೆಗೆ ಕಂದಾಗಿ ಮೂಡುತ್ತಿತ್ತು. ಸಾಹೇಬ ಬಗ್ಗಿ ಎಡ ಹೆಜ್ಜೆಯನ್ನು ಕರವಸ್ತ್ರದಿಂದ ಒರೆಸಿದ, ಹೋಯಿತು. ಕರವಸ್ತ್ರ ಮಡಚಿ ಶುಭ್ರವಾದ ಮಗ್ಗುಲು ಹೊರಗೆ ಮಾಡಿಕೊಂಡು ಬಲ ಹೆಜ್ಜೆಯನ್ನು ಉಜ್ಜಿದ. ಇನ್ನೊಮ್ಮೆ, ಬಲ ಹಾಕಿ ಉಜ್ಜಿದ. ಎತ್ತಿ ಬೆಳಕಿಗೆ ಹಿಡಿದು ನೋಡಿದ.

ಕರವಸ್ತ್ರ ಬೆಳ್ಳಗೇ ಇತ್ತು.